‘ಕನ್ನಡವನ್ನು ಎರಡನೆಯ ಹಂತದಲ್ಲಿ ಸೇರಿಸಲಾಗುವುದು’



ಈ ಪುಟಗಳಲ್ಲಿ ಸಾಮಾನ್ಯವಾಗಿ ಹಳೆಯ ದಿನಗಳ ನೆನಪುಗಳನ್ನು ಹಂಚಿಕೊಳ್ಳುವ ನಾನು ಈ ಸಲ ಜಗಳವೊಂದನ್ನು ತೆಗೆಯಲು ಕುಳಿತಿದ್ದೇನೆ. ಜಗಳ ನಿಮ್ಮಲ್ಲಿಯೇ ಕೆಲವರೊಡನೆ. ಆದ್ದರಿಂದ ಇದು ಪ್ರೀತಿಯ ಜಗಳ. ಆದರೆ ಪ್ರೀತಿಯದೆಂಬ ಕಾರಣಕ್ಕೆ ಮಾತಿನ ಮೊನಚನ್ನು ಕಡಿಮೆ ಮಾಡಲಾರೆ.

ನಮ್ಮ ಶಾಲೆಗೊಂದು ಜಾಲತಾಣ ಬೇಕೆಂದು ಹಳೆಯ ವಿದ್ಯಾರ್ಥಿಗಳು ಸಂಕಲ್ಪಿಸಿದ್ದೀರಿ. ಸಂತೋಷ. ಹಣವನ್ನೂ ಸಮಯವನ್ನೂ ಕೊಡಲು ಮುಂದೆ ಬಂದಿದ್ದೀರಿ. ಇನ್ನೂ ಸಂತೋಷ. ಯೋಜನೆಯ ಕರಡನ್ನು ನನಗೂ ಕಳುಹಿಸಿದಿರಿ. ಅದರಲ್ಲಿ ಹೀಗಿದೆ: ‘ಮೊದಲ ಹಂತದಲ್ಲಿ ಜಾಲತಾಣವು ಇಂಗ್ಲಿಷಿನಲ್ಲಿರುತ್ತದೆ. ಕನ್ನಡವನ್ನು ಎರಡನೆಯ ಹಂತದಲ್ಲಿ ಸೇರಿಸಲಾಗುವುದು.’ ಎರಡನೆಯ ವಾಕ್ಯ ಕರ್ಮಣಿ ಪ್ರಯೋಗದಲ್ಲಿದೆ ಎಂಬುದನ್ನು ದಯವಿಟ್ಟು ಗಮನಿಸಿ. ಸೇರಿಸುವವರು ಯಾರು? ಯಾವ ತಿಂಗಳಲ್ಲಿ? ಯಾವ ದುಡ್ಡಿನಲ್ಲಿ? ವಾಕ್ಯದಲ್ಲಿ ಕರ್ತೃವೇ ಇಲ್ಲ. ಕರ್ತೃವಿಲ್ಲದ ಕೆಲಸಕ್ಕೆ ಜವಾಬ್ದಾರರೂ ಇರುವುದಿಲ್ಲವೆಂದು ವ್ಯಾಕರಣ ಪಾಠದಲ್ಲಿ ನಿಮಗೆ ಎಷ್ಟು ಸಲ ಹೇಳಿದ್ದೆ!

ನನ್ನ ವಾದ ಇಷ್ಟೇ. ಬಹುಭಾಷಾ ಜಾಲತಾಣದಲ್ಲಿ ‘ಆಮೇಲೆ ಸೇರಿಸುವ’ ಭಾಷೆ ಎಂದೂ ಸರಿಯಾಗಿ ಸೇರುವುದಿಲ್ಲ. ಕನ್ನಡ ಬೇಕೆಂದಿದ್ದರೆ ಅದು ಮೊದಲ ದಿನವೇ, ಅಡಿಪಾಯದಲ್ಲಿಯೇ ಇರಬೇಕು. ಇದನ್ನು ಭಾಷಾಭಿಮಾನದ ಆವೇಶದಿಂದ ಹೇಳುತ್ತಿಲ್ಲ. ಈ ತಂತ್ರಾಂಶಗಳು ಕೆಲಸ ಮಾಡುವ ಬಗೆಯನ್ನು ಕೆಲವು ತಿಂಗಳುಗಳಿಂದ ಓದಿ, ಮನೆಯ ಗಣಕದಲ್ಲಿ ಹಾಕಿ ನೋಡಿ ಹೇಳುತ್ತಿದ್ದೇನೆ.

ಬಂಧುಗಳಲ್ಲಿ ಈ ವಿಷಯದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಇಂದು ಹೆಚ್ಚಿನ ಜಾಲತಾಣಗಳನ್ನು ಒಂದೊಂದು ಪುಟವಾಗಿ ಕೈಯಿಂದ ಕಟ್ಟುವುದಿಲ್ಲ. ಡ್ರೂಪಲ್, ಜೂಮ್ಲಾ, ವರ್ಡ್‌ಪ್ರೆಸ್ ಎಂಬಂತಹ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್‌ಗಳನ್ನು, ಅಂದರೆ ವಿಷಯ ನಿರ್ವಹಣೆಯ ತಂತ್ರಾಂಶಗಳನ್ನು ಬಳಸುತ್ತಾರೆ. ಶಾಲೆಯ ಕಚೇರಿಯ ದಾಖಲಾತಿ ಪುಸ್ತಕವನ್ನು ನೆನಪಿಸಿಕೊಳ್ಳಿ. ಹೆಸರಿಗೊಂದು ಅಂಕಣ, ಹುಟ್ಟಿದ ದಿನಾಂಕಕ್ಕೊಂದು ಅಂಕಣ, ಊರಿಗೊಂದು ಅಂಕಣ. ಗುಮಾಸ್ತರು ತುಂಬುವುದು ಪುಸ್ತಕವನ್ನು, ಅದರಿಂದ ಟಿ.ಸಿ. ಬೇಕೆಂದರೆ ಟಿ.ಸಿ., ಹಾಜರಿ ಪಟ್ಟಿ ಬೇಕೆಂದರೆ ಹಾಜರಿ ಪಟ್ಟಿ ತಯಾರಾಗುತ್ತದೆ. ಇಲ್ಲಿಯೂ ಹಾಗೆಯೇ. ಬರೆದುದೆಲ್ಲ ಒಂದು ದತ್ತಸಂಚಯದ ಅಂಕಣಗಳಲ್ಲಿ ಕೂರುತ್ತದೆ. ಅದನ್ನು ಪುಟವಾಗಿ ತೋರಿಸುವ ಅಚ್ಚು ಬೇರೆ. ‘ಹುಡುಕಿ’, ‘ಮುಂದಿನ ಪುಟ’ ಎಂಬಂತಹ ತಂತ್ರಾಂಶದ ಸ್ವಂತ ಮಾತುಗಳು ಬೇರೆ. ಪುಸ್ತಕಕ್ಕೆ ಗೆರೆ ಹಾಕುವ ದಿನವೇ ಎರಡು ಭಾಷೆಗೆ ಅಂಕಣ ಬಿಟ್ಟರೆ ತೊಂದರೆಯಿಲ್ಲ. ಅರ್ಧ ತುಂಬಿದ ಮೇಲೆ ಇನ್ನೊಂದು ಭಾಷೆಯನ್ನು ತುರುಕಲು ಹೊರಟರೆ ಅಂಚಿನಲ್ಲಿ ಗೀಚಬೇಕಾಗುತ್ತದೆ.

‘ಕನ್ನಡಕ್ಕೆ ತಾಂತ್ರಿಕ ತೊಡಕುಗಳಿವೆ ಸಾರ್’ ಎಂದು ನಿಮ್ಮಲ್ಲೊಬ್ಬರು ಹೇಳಿದಿರಿ. ಒಂದು ಕಾಲದಲ್ಲಿ ಈ ಮಾತು ನಿಜವಾಗಿತ್ತು. ಯುನಿಕೋಡಿನ ಮೊದಲ ಆವೃತ್ತಿಯಲ್ಲಿಯೇ, 1991ರಲ್ಲಿ, ಕನ್ನಡಕ್ಕೆ ಸ್ಥಾನ ದೊರೆತರೂ ಅದು ನಮ್ಮ ಮೇಜಿನ ಮೇಲಿನ ಗಣಕದವರೆಗೆ ಬರಲು ವರ್ಷಗಳೇ ಹಿಡಿದವು. 1998ರಲ್ಲಿ ‘ಬರಹ’ ಬಂತು. ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಮನೆಮಾತಾಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಅಕ್ಷರಶೈಲಿ ಸೇರಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. 2005ರಲ್ಲಿ ಆರಂಭವಾದ ‘ಸಂಪದ’ ಎಂಬ ಸಮುದಾಯ ತಾಣವನ್ನು ಕೆಲವು ಉತ್ಸಾಹಿ ಯುವಕರು ಇದೇ ಡ್ರೂಪಲ್ ತಂತ್ರಾಂಶದ ಮೇಲೆ ಕಟ್ಟಿದರು. ಮೊದಲ ಹಂತದಲ್ಲಿಯೇ ಕನ್ನಡದಲ್ಲಿ ಕಟ್ಟಿದರು. ಆಗ ಅವರಲ್ಲಿ ನಿಮ್ಮ ಅನುಕೂಲಗಳಲ್ಲಿ ಹತ್ತನೆಯ ಒಂದು ಪಾಲೂ ಇರಲಿಲ್ಲ. ಅನಂತರ 2011ರಲ್ಲಿ ಜೂಮ್ಲಾ ತನ್ನ 1.6ನೆಯ ಆವೃತ್ತಿಯಲ್ಲಿ ಬಹುಭಾಷಾ ವ್ಯವಸ್ಥೆಯನ್ನು ಮೂಲದಲ್ಲಿಯೇ ಸೇರಿಸಿತು. 2015ರ ನವೆಂಬರಿನಲ್ಲಿ ಬಂದ ಡ್ರೂಪಲ್ 8 ಆ ವ್ಯವಸ್ಥೆಯನ್ನು ಬುಡದಿಂದಲೇ ಹೊಸದಾಗಿ ಹೆಣೆಯಿತು. ವರ್ಡ್‌ಪ್ರೆಸ್‌ನ ಮೂಲದಲ್ಲಿ ಇದಿಲ್ಲದಿದ್ದರೂ ಪಾಲಿಲ್ಯಾಂಗ್, ಡಬ್ಲ್ಯುಪಿಎಂಎಲ್ ಮುಂತಾದ ಪ್ಲಗಿನ್‌ಗಳಿವೆ. ತೊಡಕು ಹೋಗಿ ಎಷ್ಟೋ ವರ್ಷಗಳಾದವು. ತೊಡಕಿನ ನೆಪ ಮಾತ್ರ ಉಳಿದುಕೊಂಡಿದೆ.

ಇನ್ನು, ಎರಡನೆಯ ಹಂತದಲ್ಲಿ ಬಂದ ಭಾಷೆಗೆ ಏನಾಗುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲಿಗೆ ಪುಟದ ವಿಳಾಸ. ‘ವಾರ್ಷಿಕೋತ್ಸವ’ ಎಂಬ ಪದ ಕಣ್ಣಿಗೆ ಐದು ಅಕ್ಷರ. ಯಂತ್ರಕ್ಕೆ ಅದು 12 ಸಂಕೇತ. ಕಾಗುಣಿತದ ಚಿಹ್ನೆಗಳನ್ನೂ ಒತ್ತಿನ ಅರ್ಧಚಿಹ್ನೆಗಳನ್ನೂ ಅದು ಬೇರೆ ಬೇರೆಯಾಗಿ ಎಣಿಸುತ್ತದೆ. ಜಾಲತಾಣದ ವಿಳಾಸದಲ್ಲಿ ಪ್ರತಿಯೊಂದು ಕನ್ನಡ ಸಂಕೇತವೂ ಒಂಬತ್ತು ರೋಮನ್ ಚಿಹ್ನೆಗಳಾಗಿ ಹಿಗ್ಗುತ್ತದೆ. ಅಲ್ಲಿಗೆ ಈ ಒಂದು ಪದಕ್ಕೆ 108 ಚಿಹ್ನೆ. ವರ್ಡ್‌ಪ್ರೆಸ್‌ನಲ್ಲಿ ಪುಟದ ವಿಳಾಸಕ್ಕೆ ಮೀಸಲಾದ ಜಾಗವೇ 200 ಚಿಹ್ನೆ. ‘ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆ’ ಎಂಬ ಮೂರು ಪದಗಳ ಶೀರ್ಷಿಕೆಯಲ್ಲಿ ಮೂರನೆಯ ಪದ ಅರ್ಧಕ್ಕೆ ತುಂಡಾಗುತ್ತದೆ. ಇದು ಮೊದಲೇ ಗೊತ್ತಿದ್ದರೆ ಚಿಕ್ಕ ವಿಳಾಸಗಳನ್ನು ನಾವೇ ಆರಿಸಿಡಬಹುದು. ಐದು ನಿಮಿಷದ ಕೆಲಸ. ಇಂಗ್ಲಿಷಿನ ಇನ್ನೂರು ಪುಟಗಳು ಬೆಳೆದು, ಎಲ್ಲರೂ ಅವಕ್ಕೆ ಕೊಂಡಿ ಹಾಕಿಕೊಂಡ ಮೇಲೆ ವಿಳಾಸಗಳ ಕ್ರಮವನ್ನೇ ಬದಲಾಯಿಸಲು ನಿಮ್ಮಲ್ಲಿ ಯಾರು ಮುಂದಾಗುತ್ತೀರಿ?

ಎರಡನೆಯದು ಪುಟದ ವಿನ್ಯಾಸ. ಇಂಗ್ಲಿಷ್ ಅಕ್ಷರಕ್ಕೆ ಒತ್ತು ಇಲ್ಲ, ಕನ್ನಡಕ್ಕಿದೆ. ಇಂಗ್ಲಿಷನ್ನು ನೋಡಿಕೊಂಡು ಸಾಲುಗಳ ನಡುವಿನ ಅಂತರವನ್ನು ಗೊತ್ತುಮಾಡಿದ ಪುಟದಲ್ಲಿ ‘ರಾಷ್ಟ್ರ’, ‘ಶಾಸ್ತ್ರ’ ಎಂಬ ಪದಗಳ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಗುಲುತ್ತವೆ, ಇಲ್ಲವೇ ಗುಂಡಿಯ ಅಂಚಿನಲ್ಲಿ ಕತ್ತರಿಸಿಹೋಗುತ್ತವೆ. ಬಳಿಕ ‘ಕನ್ನಡ ಚೆನ್ನಾಗಿ ಕಾಣುವುದಿಲ್ಲ’ ಎಂಬ ದೂರು ಬರುತ್ತದೆ. ಬೇರೆಯವರ ಅಳತೆಗೆ ಹೊಲಿದ ಅಂಗಿಯನ್ನು ತೊಡಿಸಿ ಮಗುವಿನ ಮೈಕಟ್ಟನ್ನು ದೂಷಿಸಿದ ಹಾಗೆ.

ಮೂರನೆಯದು, ಮೇಷ್ಟರಾಗಿ ನನಗೆ ಅತ್ಯಂತ ನೋವಿನದು: ವ್ಯಾಕರಣ. ಇಂಗ್ಲಿಷಿನಲ್ಲಿ ಲೇಖನದ ಕೆಳಗೆ ‘ಬೈ’ ಎಂದು ಹಾಕಿ ಮುಂದೆ ಹೆಸರು ಕೂರಿಸಿದರೆ ಮುಗಿಯಿತು. ತಂತ್ರಾಂಶದಲ್ಲಿ ಹೆಸರಿನ ಜಾಗ ಖಾಲಿ ಇರುತ್ತದೆ. ಯಾವ ಹೆಸರು ಬಂದರೂ ಅಲ್ಲಿ ಕೂರುತ್ತದೆ. ಅದನ್ನೇ ಕನ್ನಡಕ್ಕೆ ತಿರುಗಿಸುವವರು ಖಾಲಿ ಜಾಗದ ಮುಂದೆ ‘ಇಂದ’ ಎಂದು ಬರೆದಿಡುತ್ತಾರೆ. ಆಗ ಪುಟದಲ್ಲಿ ‘ಸೀತೆ ಇಂದ’, ‘ಗುರು ಇಂದ’ ಎಂದು ಮೂಡುತ್ತದೆ. ಸೀತೆಯಿಂದ, ಗುರುವಿನಿಂದ, ರಾಮನಿಂದ, ರಾಯರಿಂದ ಎಂದು ಒಂದೊಂದು ಪದಕ್ಕೆ ಒಂದೊಂದು ರೀತಿಯಲ್ಲಿ ವಿಭಕ್ತಿ ಹತ್ತುವ ಭಾಷೆ ನಮ್ಮದು. ಎಂಟನೆಯ ತರಗತಿಯ ಹುಡುಗನಿಗೆ ಗೊತ್ತಿರುವ ಈ ಸಂಗತಿಯನ್ನು ಯಂತ್ರಕ್ಕೆ ಹೇಳಿದವರಿಲ್ಲ. ಪರಿಹಾರ ಕಷ್ಟದ್ದೇನೂ ಅಲ್ಲ. ‘ಲೇಖಕರು:’ ಎಂದು ಬರೆದು ಮುಂದೆ ಹೆಸರು ಹಾಕಿದರೆ ವಿಭಕ್ತಿಯ ತೊಂದರೆಯೇ ಬರುವುದಿಲ್ಲ. ಆದರೆ ಈ ಪರಿಹಾರ ಹೊಳೆಯಬೇಕಾದರೆ ಅಚ್ಚು ತಯಾರಾಗುವ ಹೊತ್ತಿಗೆ ಕನ್ನಡ ಬಲ್ಲವರೊಬ್ಬರು ಪಕ್ಕದಲ್ಲಿ ಕುಳಿತಿರಬೇಕು.

ಹಾಗೆಯೇ ಏಕವಚನದ ಪೀಡೆ. ಎಷ್ಟೋ ತಾಣಗಳಲ್ಲಿ ‘ಹುಡುಕು’, ‘ಸಲ್ಲಿಸು’, ‘ಓದು’ ಎಂಬ ಗುಂಡಿಗಳನ್ನು ನೋಡುತ್ತೇನೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಗೌರವ ಅಗೌರವಗಳ ಭೇದವಿಲ್ಲ. ಕನ್ನಡಕ್ಕಿದೆ. ಮೊಮ್ಮಗಳ ಪ್ರವೇಶಾತಿಗೆ ಬಂದ ಎಪ್ಪತ್ತರ ಅಜ್ಜನನ್ನು ಶಾಲೆಯ ಬಾಗಿಲಲ್ಲಿ ನಿಲ್ಲಿಸಿ ‘ಏ, ಇಲ್ಲಿ ಬರೆ, ಅಲ್ಲಿ ಸಲ್ಲಿಸು’ ಎನ್ನುವ ಜವಾನನನ್ನು ನಾವು ಇಟ್ಟುಕೊಳ್ಳುತ್ತೇವೆಯೇ? ‘ಹೋಮ್’ ಎಂಬುದು ‘ಮನೆ’ಯಾಗಿರುವ ತಾಣಗಳೂ ಇವೆ. ‘ಮುಖಪುಟ’ ಎಂಬ ಚಂದದ ಪದ ಇಪ್ಪತ್ತು ವರ್ಷಗಳಿಂದ ಚಲಾವಣೆಯಲ್ಲಿದ್ದರೂ ಪದಕೋಶದ ಮೊದಲ ಅರ್ಥವನ್ನು ಹೆಕ್ಕಿ ಅಂಟಿಸುತ್ತಾರೆ.

ಅಡಿಪಾಯದಲ್ಲಿ ನುಸುಳಿದ ತಪ್ಪು ಎಷ್ಟು ಕಾಲ ಉಳಿಯುತ್ತದೆ ಎಂಬುದಕ್ಕೆ ಯುನಿಕೋಡಿನಲ್ಲಿಯೇ ಒಂದು ನಿದರ್ಶನವಿದೆ. ನಮ್ಮ ಹಳಗನ್ನಡದ ‘ೞ’ ಅಕ್ಷರಕ್ಕೆ ಅಲ್ಲಿ ಅಧಿಕೃತವಾಗಿ ‘ಕನ್ನಡ ಲೆಟರ್ ಎಫ್‌ಎ’ ಎಂಬ ಹೆಸರು ಬಿದ್ದಿದೆ. ಪಂಪ ರನ್ನರ ಕಾವ್ಯಗಳಲ್ಲಿ ಮೆರೆದ ಅಕ್ಷರ ಇಂಗ್ಲಿಷಿನ ಎಫ್ ಧ್ವನಿಯ ಲೆಕ್ಕಕ್ಕೆ ಹೋಗಿದೆ. ತಪ್ಪು ಎಲ್ಲರಿಗೂ ಗೊತ್ತು. ಆದರೆ ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲವೆಂಬುದು ಅಲ್ಲಿನ ನಿಯಮ. ಆದ್ದರಿಂದ ಸರಿಯಾದ ಹೆಸರನ್ನು ಪಕ್ಕದಲ್ಲಿ ತಿದ್ದುಪಡಿಯಾಗಿ ಬರೆದುಕೊಂಡಿದ್ದಾರೆ, ಮೂಲ ಹೆಸರು ಹಾಗೆಯೇ ನಿಂತಿದೆ. ನಮ್ಮ ಶಾಲೆಯ ಚಿಕ್ಕ ತಾಣಕ್ಕೂ ಈ ಪಾಠ ಅನ್ವಯಿಸುತ್ತದೆ.

ನಿಮ್ಮ ಆಕ್ಷೇಪಗಳಿಗೆ ಬರುತ್ತೇನೆ.

‘ಈಗ ಯಂತ್ರವೇ ಅನುವಾದ ಮಾಡುತ್ತದಲ್ಲ ಸಾರ್, ಒಂದು ಗುಂಡಿ ಇಟ್ಟರಾಯಿತು’ ಎನ್ನುತ್ತೀರಿ. ಗೂಗಲ್ ಅನುವಾದಕ್ಕೆ 2011ರಲ್ಲಿ ಕನ್ನಡ ಸೇರಿತು. ಆಗಿನದಕ್ಕೂ ಈಗಿನದಕ್ಕೂ ಅಜಗಜಾಂತರವಿದೆ. ಇದನ್ನು ಮರೆಮಾಚುವವನಲ್ಲ ನಾನು. ಪರಭಾಷೆಯ ಸುದ್ದಿಯನ್ನು ಓದಲು ನಾನೂ ಅದನ್ನು ಬಳಸುತ್ತೇನೆ. ಆದರೆ ಓದುಗನು ತನ್ನ ಅನುಕೂಲಕ್ಕೆ ಯಂತ್ರವನ್ನು ಬಳಸುವುದು ಬೇರೆ. ಒಂದು ಸಂಸ್ಥೆ ತನ್ನ ಮಾತನ್ನು ಯಂತ್ರದ ಬಾಯಿಂದ ಆಡಿಸುವುದು ಬೇರೆ. ಪ್ರವೇಶಾತಿಯ ಕೊನೆಯ ದಿನಾಂಕ, ಕಟ್ಟಬೇಕಾದ ಶುಲ್ಕ, ತರಬೇಕಾದ ದಾಖಲೆಗಳು, ಇವುಗಳಲ್ಲಿ ಒಂದು ಪದ ತಪ್ಪಿದರೆ ತಂದೆಯೊಬ್ಬನ ಒಂದು ದಿನದ ಕೂಲಿ ಹೋಗುತ್ತದೆ. ಆಗ ಅವನು ಯಾರನ್ನು ಕೇಳಬೇಕು? ಮುಖ್ಯೋಪಾಧ್ಯಾಯರು ಓದಿ ಸಹಿ ಹಾಕದ ಸುತ್ತೋಲೆ ನಮ್ಮ ಶಾಲೆಯಿಂದ ಹೊರಗೆ ಹೋಗುತ್ತಿರಲಿಲ್ಲ. ಯಾರೂ ಓದಿ ನೋಡದ ಕನ್ನಡ ಶಾಲೆಯ ಹೆಸರಿನಲ್ಲಿ ಹೇಗೆ ಹೊರಗೆ ಹೋಗಬಹುದು? ಜೊತೆಗೆ, ಗುಂಡಿ ಒತ್ತಿದಾಗ ಹುಟ್ಟುವ ಕನ್ನಡ ನಮ್ಮ ದತ್ತಸಂಚಯದಲ್ಲಿ ಉಳಿಯುವುದಿಲ್ಲ. ಯಾರಾದರೂ ಕನ್ನಡದಲ್ಲಿ ನಮ್ಮ ಶಾಲೆಯನ್ನು ಹುಡುಕಿದರೆ, ನಮ್ಮಲ್ಲಿ ಒಂದು ಕನ್ನಡ ಸಾಲೂ ಇಲ್ಲದ ಕಾರಣ, ಹುಡುಕು ಯಂತ್ರಕ್ಕೆ ಕೊಡಲು ಏನೂ ಇರುವುದಿಲ್ಲ.

‘ಕನ್ನಡದ ಸುತ್ತೋಲೆಗಳನ್ನು ಸ್ಕ್ಯಾನ್ ಮಾಡಿ ಹಾಕುತ್ತೇವೆ’ ಎಂಬುದು ಇನ್ನೊಂದು ಸಲಹೆ. ಚಿತ್ರವಾಗಿ ಹಾಕಿದ ಅಕ್ಷರ ಅಕ್ಷರವಲ್ಲ, ಅಕ್ಷರದ ಫೋಟೋ. ಅದನ್ನು ಹುಡುಕಲಾಗದು, ಸಣ್ಣ ಮೊಬೈಲಿನಲ್ಲಿ ಹಿಗ್ಗಿಸಿದರೆ ಮಸುಕಾಗುತ್ತದೆ. ಹಳೆಯ ಅಕ್ಷರಶೈಲಿಗಳಲ್ಲಿ ಟೈಪು ಮಾಡಿದ ಪಠ್ಯದ ಕಥೆಯೂ ಇಷ್ಟೇ. ಒಳಗೆ ರೋಮನ್ ಅಕ್ಷರ, ಹೊರಗೆ ಕನ್ನಡದ ಮುಖವಾಡ. ಅದನ್ನು ಯುನಿಕೋಡಿಗೆ ಪರಿವರ್ತಿಸಿಯೇ ಹಾಕಬೇಕು. ದೃಷ್ಟಿಯಿಲ್ಲದವರನ್ನೂ ನೆನೆಯಿರಿ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಅವರಿಗೆ ಪರದೆಯನ್ನು ಓದಿ ಹೇಳುತ್ತದೆ. ಅದರ ಜೊತೆಗೆ ಬರುವ ಧ್ವನಿಗೆ ಕನ್ನಡವೂ ಬರುತ್ತದೆ. ಪುಟದ ತಲೆಯಲ್ಲಿ ‘ಇದು ಕನ್ನಡ’ ಎಂದು ಸೂಚಿಸುವ ಎರಡಕ್ಷರದ ಗುರುತು ಸರಿಯಾಗಿದ್ದರೆ ಅದು ಕನ್ನಡದಲ್ಲಿ ಓದಲು ತೊಡಗುತ್ತದೆ. ಚಿತ್ರವಾಗಿ ಹಾಕಿದ ಸುತ್ತೋಲೆಯ ಮುಂದೆ ಅದು ಮೂಕವಾಗುತ್ತದೆ.

‘ಇಂದು ಎಲ್ಲರಿಗೂ ಇಂಗ್ಲಿಷ್ ಬರುತ್ತದೆ’ ಎನ್ನುವ ಮಾತಿಗೆ ಉತ್ತರ ಕೊಡಲು ಬೇಸರವಾಗುತ್ತದೆ. ನಿಮಗೆ ಬರುತ್ತದೆ. ನಿಮಗೆ ಬರುವಂತಾಗಲೆಂದು ನಿಮ್ಮ ತಾಯಿಯಂದಿರು ತಮಗೆ ಓದಲು ಬಾರದ ಪ್ರಗತಿ ಪತ್ರಗಳಿಗೆ ಸಹಿ ಹಾಕಿದರು. 2011ರ ಜನಗಣತಿಯಂತೆ ಕನ್ನಡವನ್ನು ಮಾತೃಭಾಷೆ ಎಂದು ಹೇಳಿದವರು ಸುಮಾರು 4.37 ಕೋಟಿ. ಅವರಲ್ಲಿ ಎಷ್ಟು ಜನ ‘ಅಡ್ಮಿಷನ್ ಗೈಡ್‌ಲೈನ್ಸ್’ ಎಂಬ ಪುಟವನ್ನು ಯಾರ ನೆರವೂ ಇಲ್ಲದೆ ಓದಿ ಅರ್ಜಿ ತುಂಬಬಲ್ಲರು ಎಂದು ನಿಮ್ಮ ಊರಿಗೆ ಹೋಗಿ ನೀವೇ ಕೇಳಿ. ನಮ್ಮ ಶಾಲೆಗೆ ಇಂದು ಮಕ್ಕಳನ್ನು ಕಳುಹಿಸುವವರು ಬೆಂಗಳೂರಿನ ನಿಮ್ಮ ಸಹೋದ್ಯೋಗಿಗಳಲ್ಲ. ತೋಟದ ಕೆಲಸದವರು, ಆಟೋ ಓಡಿಸುವವರು, ಬೀಡಿ ಕಟ್ಟುವವರು. ಸರ್ಕಾರಿ ಕಚೇರಿಗಳಿಗೆ ನೆನಪು ಮಾಡಿಕೊಡಲು 1963ರ ಕರ್ನಾಟಕ ರಾಜಭಾಷಾ ಅಧಿನಿಯಮವಿದೆ. ನಮಗೂ ಕಾನೂನೇ ಬಂದು ಹೇಳಬೇಕೆ?

‘ಕನ್ನಡ ಟೈಪು ಮಾಡುವವರು ಯಾರು?’ ಎಂಬುದು ಕೊನೆಯ ಆಕ್ಷೇಪ. ನಮ್ಮ ಶಾಲೆಯ ಶಿಕ್ಷಕಿಯರು ದಿನಕ್ಕೆ ಹತ್ತು ಸಂದೇಶಗಳನ್ನು ಮೊಬೈಲಿನಲ್ಲಿ ಕನ್ನಡದಲ್ಲಿಯೇ ಕಳುಹಿಸುತ್ತಾರೆ. ಮಾತನಾಡಿದರೆ ಬರೆದುಕೊಳ್ಳುವ ಸೌಲಭ್ಯವೂ ಈಗಿದೆ. ನಿಜಕ್ಕೂ ಕಷ್ಟವಾಗುವುದು ಅವರಿಗೆ ಇಂಗ್ಲಿಷಿನಲ್ಲಿ ಬರೆಯುವುದು. ತಾಣ ಇಂಗ್ಲಿಷಿನದಾದರೆ ಏನಾಗುತ್ತದೆಂದು ನಾನು ಈಗಲೇ ಹೇಳಬಲ್ಲೆ. ಉದ್ಘಾಟನೆಯ ದಿನ ಹಾಕಿದ ಪುಟಗಳು ಹಾಗೆಯೇ ಉಳಿಯುತ್ತವೆ, ಹೊಸತನ್ನು ಬರೆಯಲು ಶಾಲೆಯಲ್ಲಿ ಯಾರಿಗೂ ಧೈರ್ಯ ಬರುವುದಿಲ್ಲ, ನಿಮಗೆ ಬಿಡುವಿರುವುದಿಲ್ಲ. ಕನ್ನಡದಲ್ಲಿದ್ದರೆ ವಿಜ್ಞಾನ ಪ್ರದರ್ಶನದ ವರದಿಯನ್ನು ಅಂದೇ ಸಂಜೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬರೆದು ಹಾಕಬಲ್ಲಳು. ತಾಣ ಬದುಕಿರಬೇಕೆಂದರೆ ಅದನ್ನು ದಿನವೂ ಮುಟ್ಟುವವರ ಭಾಷೆಯಲ್ಲಿ ಅದು ಇರಬೇಕು.

ನಾನು ಇಂಗ್ಲಿಷಿನ ವಿರೋಧಿಯಲ್ಲ. ಹೊರದೇಶಗಳಲ್ಲಿ ಹುಟ್ಟಿ ಬೆಳೆದ ನಿಮ್ಮ ಮಕ್ಕಳು ತಮ್ಮ ತಂದೆ ತಾಯಿ ಓದಿದ ಶಾಲೆಯ ಕಥೆಯನ್ನು ಓದಬೇಕು, ಅದಕ್ಕೆ ಇಂಗ್ಲಿಷ್ ಪುಟಗಳು ಬೇಕೇ ಬೇಕು. ಶಾಲೆಯಲ್ಲಿ ಉರ್ದು ಮನೆಮಾತಿನ ಮಕ್ಕಳೂ ಇದ್ದಾರೆ. ಮುಖ್ಯ ಸೂಚನೆಗಳಾದರೂ ಉರ್ದುವಿನಲ್ಲಿ ಬರಲಿ. ಅದು ಬಲದಿಂದ ಎಡಕ್ಕೆ ಸಾಗುವ ಲಿಪಿ, ಅದಕ್ಕೂ ಮೊದಲೇ ಏರ್ಪಾಡು ಬೇಕು. ಒಂದು ಭಾಷೆ ಯಜಮಾನ, ಉಳಿದವು ಅದರ ನೆರಳು ಎಂಬ ಕಲ್ಪನೆಯನ್ನು ಮಾತ್ರ ಬಿಟ್ಟುಬಿಡಿ. ಕನ್ನಡ ವಿಕಿಪೀಡಿಯವನ್ನು ನೋಡಿ. ಅದು ಇಂಗ್ಲಿಷ್ ವಿಕಿಪೀಡಿಯದ ಭಾಷಾಂತರವಲ್ಲ. ಅದಕ್ಕೆ ತನ್ನದೇ ಲೇಖನಗಳು, ತನ್ನದೇ ಸಂಪಾದಕರು, ತನ್ನದೇ ಚರ್ಚೆಗಳು. ಎರಡರ ನಡುವೆ ಕೊಂಡಿಗಳಿವೆ, ಯಜಮಾನಿಕೆಯಿಲ್ಲ.

ಆದ್ದರಿಂದ ಮುಂದಿನ ಸಭೆಯ ಮುಂದೆ ನನ್ನ ಬೇಡಿಕೆಗಳನ್ನು ಇಡುತ್ತಿದ್ದೇನೆ. ತಂತ್ರಾಂಶವನ್ನು ಸ್ಥಾಪಿಸುವಾಗ ಮೂಲಭಾಷೆಯಾಗಿ ಕನ್ನಡವನ್ನೇ ಆರಿಸಿರಿ. ಇದನ್ನು ಆಮೇಲೆ ಬದಲಿಸುವುದು ತಲೆನೋವಿನ ಕೆಲಸವೆಂದು ನಿಮಗೇ ಗೊತ್ತು. ದಿನಾಂಕ, ಶುಲ್ಕ, ಭಾವಚಿತ್ರಗಳನ್ನು ಎಲ್ಲ ಭಾಷೆಗಳಿಗೂ ಸಾಮಾನ್ಯವಾದ ಅಂಕಣಗಳಲ್ಲಿಡಿ. ಶೀರ್ಷಿಕೆ ಮತ್ತು ಬರಹಕ್ಕೆ ಮಾತ್ರ ಭಾಷೆಗೊಂದು ಅಂಕಣವಿರಲಿ. ಡ್ರೂಪಲ್‌ನಲ್ಲಿ ಈ ಅನುಕೂಲವಿದೆ. ಹಾಗೆ ಮಾಡಿದರೆ ಇಂಗ್ಲಿಷಿನಲ್ಲಿ ಒಂದು ದಿನಾಂಕ, ಕನ್ನಡದಲ್ಲಿ ಕಳೆದ ವರ್ಷದ ದಿನಾಂಕ ಎಂಬ ಅವಾಂತರ ತಪ್ಪುತ್ತದೆ. ಒಂದು ಭಾಷೆಯ ಪುಟವನ್ನು ತಿದ್ದಿದಾಗ ಉಳಿದ ಭಾಷೆಯ ಪುಟಗಳು ಹಳತಾಗಿವೆ ಎಂದು ಗುರುತು ಹಾಕುವ ಸೌಲಭ್ಯವೂ ಅದರಲ್ಲಿದೆ, ಅದನ್ನು ಬಳಸಿ. ಒಂದು ಪುಟ ಒಂದು ಭಾಷೆಯಲ್ಲಿ ಇಲ್ಲದಿದ್ದರೆ ಸದ್ದಿಲ್ಲದೆ ಇನ್ನೊಂದನ್ನು ತೋರಿಸಬೇಡಿ. ‘ಈ ಪುಟ ಇನ್ನೂ ಸಿದ್ಧವಾಗಿಲ್ಲ’ ಎಂದು ನೇರವಾಗಿ ಬರೆಯಿರಿ. ಭಾಷೆಯನ್ನು ಆರಿಸುವ ಕಡೆ ಬಾವುಟಗಳ ಚಿತ್ರ ಬೇಡ, ಭಾಷೆ ದೇಶವಲ್ಲ. ‘ಕನ್ನಡ’ ಎಂಬುದನ್ನು ಕನ್ನಡ ಲಿಪಿಯಲ್ಲಿಯೇ ಬರೆಯಿರಿ, ರೋಮನ್ ಲಿಪಿಯಲ್ಲಿ ಬರೆದರೆ ಅದನ್ನು ಓದಬೇಕಾದವರೇ ಓದಲಾರರು. ಭಾಷೆ ಬದಲಿಸಿದಾಗ ಓದುತ್ತಿದ್ದ ಪುಟವೇ ಆ ಭಾಷೆಯಲ್ಲಿ ತೆರೆಯಲಿ. ಓದುಗರನ್ನು ಮತ್ತೆ ಮುಖಪುಟಕ್ಕೆ ಅಟ್ಟಬೇಡಿ.

ಇವುಗಳಲ್ಲಿ ಒಂದಾದರೂ ಅಸಾಧ್ಯವಾದದ್ದಿದ್ದರೆ ಸಭೆಯಲ್ಲಿ ಎದ್ದು ನಿಂತು ಹೇಳಿ, ಕೇಳಿಕೊಳ್ಳುತ್ತೇನೆ. ಬೇಡವೆನಿಸಿದ್ದಕ್ಕೆ ಅಸಾಧ್ಯವೆಂಬ ಹೆಸರಿಡಬೇಡಿ.

ಬರಿಯ ಬೇಡಿಕೆ ಇಟ್ಟು ಕೈಕಟ್ಟಿ ಕೂರುವುದೂ ನ್ಯಾಯವಲ್ಲ. ಶಾಲೆಯ ಇತಿಹಾಸದ ಪುಟವನ್ನು ನಾನೇ ಕನ್ನಡದಲ್ಲಿ ಬರೆದುಕೊಡುತ್ತೇನೆ. ತಂತ್ರಾಂಶದ ಗುಂಡಿಗಳ, ಸೂಚನೆಗಳ ಪಟ್ಟಿಯನ್ನು ಕಳುಹಿಸಿದರೆ ಒಂದೊಂದನ್ನೂ ನೋಡಿ, ವಿಭಕ್ತಿ ವಚನಗಳನ್ನು ತಿದ್ದಿ ಹದಿನೈದು ದಿನಗಳಲ್ಲಿ ಹಿಂದಿರುಗಿಸುತ್ತೇನೆ. ಕೆಂಪು ಶಾಯಿ ಇನ್ನೂ ಒಣಗಿಲ್ಲ. ಇಂಗ್ಲಿಷ್ ಪುಟಗಳನ್ನು ನೀವು ಬರೆಯಿರಿ. ಅವನ್ನು ಎರಡನೆಯ ಹಂತದಲ್ಲಿ ಸೇರಿಸಿದರೂ ನನ್ನ ಅಡ್ಡಿಯಿಲ್ಲ.